ಎಸರು ಕುದ್ದ ಮ್ಯಾಲೆ ಉರಿ ಸಣ್ಣ ಮಾಡ್ರಿ, ಗಡಿಗಿಗೆ ಪೇಂಟ್ ಹಚ್ಚಬ್ಯಾಡ್ರಿ

ನಮ್ಮ ರಾಯಚೂರು ಕಡೆ ಹೊಸದಾಗಿ ಸಂಸಾರ ಹೂಡಿದವರು ಎಲ್ಲಾರೂ ಕೇಳೋದು ಒಂದ, ಸಿಲಿಂಡರ್ ಯಾಕ ಇಷ್ಟು ಲಗೂನ ಖಾಲಿ ಆಗ್ತದ ಅಂತ. ನೀರು ಕುದಿಯಾಕ ಹತ್ತಿದ ಮ್ಯಾಲೂ ಉರಿ ಫುಲ್ ಇಟ್ಟು ಮೊಬೈಲ್ ನೋಡ್ಕೋತ ಕುಂದ್ರತೀರಲ್ಲ, ಅದಕ್ಕ. ತೆರೆದ ಪಾತ್ರಿಯೊಳಗ ನೀರು 100 ಡಿಗ್ರಿ ದಾಟಂಗಿಲ್ರಿ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಮ್ಯಾಲೆ ಇರೋದಕ್ಕ ಇನ್ನೂ ಒಂದು ಡಿಗ್ರಿ ಚಿಲ್ಲರೆ ಕಮ್ಮೀನ. ತಳದಾಗ ಎಷ್ಟು ಉರಿ ಕೊಟ್ಟರೂ ಅಷ್ಟ, ಹೆಚ್ಚಿಗಿ ಶಾಖ ಎಲ್ಲಾ ನೀರನ್ನ ಆವಿ ಮಾಡಾಕ ಹೋಗ್ತದ, ಅಕ್ಕಿಗೆ ಏನೂ ಸಿಗಂಗಿಲ್ಲ.

ಲೆಕ್ಕ ಹೇಳ್ತೀನಿ ಕೇಳ್ರಿ. ಬ್ಯಾಸಿಗ್ಯಾಗ 30 ಡಿಗ್ರಿ ಇರೋ 1 ಲೀಟರ್ ನೀರನ್ನ ಕುದಿಗೆ ತರಾಕ ಸುಮಾರು 70 ಕಿಲೋಕ್ಯಾಲರಿ ಶಾಖ ಸಾಕು, ಅದ ನೀರು ಪೂರ್ತಿ ಆವಿಯಾಗಿ ಹಾರಿಹೋಗಬೇಕಂದ್ರ ಮತ್ತ 540 ಬೇಕು, ಅಂದ್ರ ಏಳು ಪಟ್ಟಿಗೂ ಜಾಸ್ತಿ. ಅಷ್ಟೆಲ್ಲ ಕೊಟ್ಟರೂ ಥರ್ಮಾಮೀಟರ್ ಒಂದು ಗೀಟೂ ಮ್ಯಾಲೆ ಹೋಗಂಗಿಲ್ಲ. 1760ರ ಸುಮಾರಿಗೆ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಅನ್ನೋರು ಇದನ್ನ ಅಳೆದು ನೋಡಿ ತೋರಿಸಿದ್ರು, ಹೈಸ್ಕೂಲ್ ಪುಸ್ತಕದಾಗ ಗುಪ್ತೋಷ್ಣ ಅಂತ ಓದಿರ್ತೀರಿ, ಮಾರ್ಕ್ಸ್ ತಗೊಂಡು ಮರ್ತಿರ್ತೀರಿ. ಹಂಗಾಗಿ ಅನ್ನ ಒಂದು ಕುದಿ ಬಂತಂದ್ರ ಮುಚ್ಚಳ ಹಾಕಿ ಸಿಮ್ ಮಾಡ್ರಿ, ಸಣ್ಣಗ ಕುದ್ದರೂ ಅದ 100 ಡಿಗ್ರಿ, ಕೊತಕೊತ ಕುದ್ದರೂ ಅದ 100 ಡಿಗ್ರಿ.

ಬ್ಯಾಳಿಗೆ ಮಾತ್ರ ಕುಕ್ಕರ್ ಬೇಕ ಬೇಕು, ಅದರಾಗ ಆವಿ ಹೊರಗ ಹೋಗಾಕ ಬಿಡದ ಒತ್ತಡ ಎರಡು ಪಟ್ಟು ಆಗ್ತದ, ನೀರು ಸುಮಾರು 120 ಡಿಗ್ರಿ ತನಕ ಏರ್ತದ, ಅದಕ್ಕ ತೊಗರಿಬ್ಯಾಳಿ ಬೇಗ ಕರಗ್ತದ. ಮೊದಲ ಸೀಟಿ ಹೊಡದ ಮ್ಯಾಲೆ ಉರಿ ಜಾಸ್ತಿ ಇಟ್ಟರ ಸೀಟಿ ಜಾಸ್ತಿ ಆಗ್ತಾವ, ಬ್ಯಾಳಿ ಬೇಗ ಬೇಯಂಗಿಲ್ಲ. ಇಷ್ಟಾದರೂ ಬ್ಯಾಳಿ ಗಟ್ಟಿ ಉಳೀತದ ಅಂದ್ರ ಬೋರಿನ ನೀರು ಇರ್ಬೇಕು, ಅದರಾಗಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಬ್ಯಾಳಿಯನ್ನ ಮೆತ್ತಗಾಗಾಕ ಬಿಡಂಗಿಲ್ಲ, ಆಗ ಕುಡಿಯೋ ನೀರಿನ್ಯಾಗ ನೆನೆಸಿ ಬೇಯಿಸ್ರಿ. ಉಪ್ಪು ಮೊದಲ ಹಾಕಿದರ ನೀರು ಲಗೂನ ಕುದೀತದ ಅಂತ ಒಬ್ಬಾಕಿ ವಾದ ಮಾಡ್ತಿದ್ಲು. ಉಲ್ಟಾ ಅದ, ಉಪ್ಪಿನಿಂದ ಕುದಿ ಇನ್ನೂ ಮ್ಯಾಲೆ ಹೋಗ್ತದ, ಅದೂ 1 ಲೀಟರಿಗೆ 58 ಗ್ರಾಂ ಹಾಕಿದರ ಎಲ್ಲೋ 1 ಡಿಗ್ರಿ. ಅಷ್ಟು ಉಪ್ಪಿನ ಸಾರು ಉಣ್ಣೋರು ಯಾರವ್ವ!

ಜೋಳದ ಹಿಟ್ಟಿಗೆ ಎಸರು ಹಾಕೋದರಾಗೂ ಇದ ಶಾಖದ ಆಟ. ಜೋಳದಾಗ ಗೋಧಿ ಹಂಗ ಜಿಗಟು ಇಲ್ಲ, ಕುದಿ ನೀರು ಬಿದ್ದರ ಪಿಷ್ಟ ಉಬ್ಬಿ ಅಂಟಾಗ್ತದ, ಅದಕ್ಕ ರೊಟ್ಟಿ ಬಡಿಯುವಾಗ ಅಂಚು ಸೀಳಂಗಿಲ್ಲ. ಉಗುರು ಬೆಚ್ಚಗಿನ ನೀರು ಹಾಕಿ ರೊಟ್ಟಿ ಹರೀತದ ಅಂತ ಹಿಟ್ಟಿನ ಗಿರಣಿಯವನಿಗೆ ಬೈಬ್ಯಾಡ್ರಿ. ಹಂಚಿನ ಮ್ಯಾಲೆ ಹಾಕಿದ ಕೂಡಲೆ ಅರಿವಿ ಅದ್ದಿ ನೀರು ಸವರತೀವಲ್ಲ, ಆ ನೀರು ಆರೋ ತನಕ ಮ್ಯಾಲಿನ ಮೈ ಒಣಗಿ ಬಿರುಕು ಬಿಡಂಗಿಲ್ಲ, ಆಮ್ಯಾಲೆ ತಿರುವಿ ಹಾಕಿದರ ಒಳಗಿನ ತೇವ ಆವಿಯಾಗಿ ರೊಟ್ಟಿ ಉಬ್ಬಸ್ತದ.

ಈಗ ಮಿರ್ಚಿ. ಮಂಡಕ್ಕಿ ಒಗ್ಗರಣಿ ಜೊತಿ ಮಿರ್ಚಿ ಇಲ್ಲದ ಸಂಜೆ ಈ ಸೀಮ್ಯಾಗ ಇಲ್ಲ, ಸುಟ್ಟುಕೊಳ್ಳೋದೂ ಅಲ್ಲೇ ಜಾಸ್ತಿ. ಮಿರ್ಚಿ ಬಿಟ್ಟಾಗ ಗುಳುಗುಳು ಅನ್ನೋದು ಎಣ್ಣಿ ಅಲ್ಲ, 170, 180 ಡಿಗ್ರಿ ಎಣ್ಣ್ಯಾಗ ಹಿಟ್ಟಿನ ನೀರು ಆವಿಯಾಗಿ ಮ್ಯಾಲೆ ಬರ್ತದ, ಗುಳ್ಳಿ ಕಮ್ಮಿ ಆದ್ವಂದ್ರ ನೀರು ಮುಗೀತು, ಮಿರ್ಚಿ ಗರಿಗರಿ ಆತು, ತಗೀರಿ. ನೀರು ಆವಿ ಆಗುವಾಗ 1600 ಪಟ್ಟಿಗೂ ಹೆಚ್ಚು ಹಿಗ್ಗತದ, ಅದಕ್ಕ ತೊಳೆದ ಮೆಣಸಿನಕಾಯಿ ಒರೆಸದ ಬಿಟ್ಟರ ಎಣ್ಣಿ ಸಿಡೀತದ, ಸೀಳದ ಇಡೀದು ಬಿಟ್ಟರ ಪಟ್ ಅಂತ ಒಡೀತದ. ಎಣ್ಣಿಗೆ ಬೆಂಕಿ ಹತ್ತಿದರಂತೂ ಒಂದು ಲೋಟ ನೀರೂ ಹಾಕಬ್ಯಾಡ್ರಿ, ಆ ನೀರು ತಳಕ್ಕ ಹೋಗಿ ಒಮ್ಮೆಲೆ ಆವಿಯಾಗಿ ಉರಿಯೋ ಎಣ್ಣೀನ ಮುಖಕ್ಕ ಎಸೀತದ. ಗ್ಯಾಸ್ ಬಂದ್ ಮಾಡಿ ತಟ್ಟಿ ಮುಚ್ಚಿ ಹಂಗ ಬಿಟ್ಟುಬಿಡ್ರಿ, ಬಾಣಲಿ ಎತ್ತಿಕೊಂಡು ಓಡಬ್ಯಾಡ್ರಿ.

ಕುದಿ ನೀರಿಗಿಂತ ಕುಕ್ಕರಿನ ಆವಿ ಬಡಿದರ ಯಾಕ ಜಾಸ್ತಿ ಸುಡ್ತದ ಅಂದ್ರ, ಆವಿ ಚರ್ಮಕ್ಕ ತಾಗಿ ನೀರಾಗುವಾಗ ತಾ ನುಂಗಿದ 540 ಕ್ಯಾಲರಿ ಗ್ರಾಂ ಗ್ರಾಂಗೂ ವಾಪಸ್ ಕೊಡ್ತದ. ಸುಟ್ಟರ ನಲ್ಲಿಯ ಸಾದಾ ನೀರಿನ ಕೆಳಗ 20 ನಿಮಿಷ ಹಿಡೀರಿ, ಪೇಸ್ಟ್ ಬ್ಯಾಡ, ಐಸೂ ಬ್ಯಾಡ, ಬೊಬ್ಬಿ ದೊಡ್ಡದಾದರ ದವಾಖಾನಿಗೆ ಹೋಗ್ರಿ.

ಆವಿ ಹಿಂಗ ಶಾಖ ನುಂಗೋದು ನಮಗ ಏಪ್ರಿಲ್ ಮೇ ತಿಂಗಳದಾಗ ಪುಣ್ಯ ಆಗ್ತದ. ಗಡಿಗಿ ಮೈಯಾಗಿನ ಸಣ್ಣ ಸಣ್ಣ ರಂಧ್ರದಿಂದ ನೀರು ಜಿನುಗಿ ಆವಿಯಾಗ್ತದ, ಹೋಗುವಾಗ ಒಳಗಿನ ನೀರಿನ ಶಾಖ ತಗೊಂಡು ಹೋಗ್ತದ, ಅದಕ್ಕ ತಂಪು. ಈಗ ಚಂದ ಕಾಣ್ಲಿ ಅಂತ ಗಡಿಗಿಗೆ ಆಯಿಲ್ ಪೇಂಟ್ ಹೊಡೆದು ಹೂವು ಬಳ್ಳಿ ಬರದು ಮಾರ್ತಾರ, ನನಗಂತೂ ಅದನ್ನ ನೋಡಿದರ ಸಿಟ್ಟು ಬರ್ತದ, ರಂಧ್ರ ಮುಚ್ಚಿದ ಮ್ಯಾಲೆ ಅದು ಬರೇ ಮಣ್ಣಿನ ಡಬ್ಬಿ. ನೆರಳಾಗ ಗಾಳಿ ಆಡೋ ಕಡೆ ಹಸಿ ಉಸುಕಿನ ಮ್ಯಾಲೆ ಇಡ್ರಿ, ಸೋಪು ಹಚ್ಚಿ ತೊಳೀಬ್ಯಾಡ್ರಿ, ಬೋರ್ ನೀರು ತುಂಬಿದರ ಹೊರಗ ಬೆಳ್ಳಗ ಉಪ್ಪು ಕಟ್ತದ, ಅದನ್ನ ಆಗಾಗ ನಾರಿನಿಂದ ತಿಕ್ಕಿ ತಗೀರಿ.

ಕೂಲರ್ ಕೆಲಸ ಮಾಡೋದೂ ಹಿಂಗ, ಅದಕ್ಕ ಕಿಟಕಿ ಹಾಕ್ಕೊಂಡು ಕೂಲರ್ ಹಚ್ಚೋದು ದಡ್ಡತನ, ಖೋಲಿಯೊಳಗ ಹಸಿ ಗಾಳಿ ತುಂಬಿದರ ಮುಂದ ನೀರು ಆವಿ ಆಗಂಗಿಲ್ಲ, ಬೆವರೂ ಆರಂಗಿಲ್ಲ. ಎದುರಿನ ಕಿಟಕಿ ಒಂದೀಟು ತೆಗೆದಿಡ್ರಿ. ಮಂಗಳೂರಿಗೆ ವರ್ಗ ಆಗಿ ಹೋಗೋರು ಕೂಲರ್ ಇಲ್ಲೇ ಮಾರಿ ಹೋಗ್ರಿ, ಅಲ್ಲಿ ಗಾಳಿ ಮೊದಲ ಹಸಿ. ಮಳೆಗಾಲದಾಗ ನಮ್ಮಲ್ಲೂ ಅದು ಬರೇ ಫ್ಯಾನ್.

ಸಿಲಿಂಡರಿನ್ಯಾಗ ಎಷ್ಟು ಉಳಿದದ ನೋಡಾಕ ಅಲುಗಾಡಿಸೋ ಕೆಲಸ ಇಲ್ಲ. ಹಸಿ ಅರಿವಿಲೆ ಮೈ ಒರೆಸಿ ಒಂದು ನಿಮಿಷ ನೋಡ್ರಿ, ಮ್ಯಾಲೆ ಖಾಲಿ ಇದ್ದ ಭಾಗ ಬೇಗ ಒಣಗ್ತದ, ಒಳಗ ದ್ರವ ಗ್ಯಾಸ್ ಇದ್ದಷ್ಟೂ ತಣ್ಣಗಿರೋದಕ್ಕ ಹಸಿ ಉಳೀತದ, ನಡುವಿನ ಗೆರೀನ ನಿಮ್ಮ ಲೆಕ್ಕ. ಗ್ಯಾಸ್ ಕಮ್ಮಿ ಬರ್ತದ ಅಂತ ಸಿಲಿಂಡರನ್ನ ಬಿಸಿ ನೀರಾಗ ಇಡೋರನ್ನ ನೋಡೀನಿ, ಅದನ್ನ ಯಾವ ಕಾರಣಕ್ಕೂ ಮಾಡಬ್ಯಾಡ್ರಿ, ಬುಕ್ ಮಾಡ್ರಿ ಸುಮ್ನ.