ಕ್ಯಾಂಟರ್ ಅವರ ಕರ್ಣವಿಧಾನದ ಸಾಧನೆಯನ್ನು (ಗಣಿತದ ಪುರಾವೆಯನ್ನು) ಬರೆಯುವುದು ಹೇಗೆ?

0 ಮತ್ತು 1ರ ನಡುವಿನ ವಾಸ್ತವ ಸಂಖ್ಯೆಗಳೆಲ್ಲವೂ ಒಂದೇ ಪಟ್ಟಿಯಲ್ಲಿ, ಆ ಪಟ್ಟಿ ಅನಂತವೇ ಆಗಿದ್ದರೂ, ಸೇರಲಾರವು. ಇದನ್ನು ಗಣಿತಜ್ಞ ಗೆಯೋರ್ಗ್ ಕ್ಯಾಂಟರ್ 1874ರಲ್ಲಿ ಬೇರೊಂದು ದಾರಿಯಿಂದ ಸಾಧಿಸಿದ್ದರು. ಈಗ ತರಗತಿಗಳಲ್ಲಿ ಕಲಿಸುವ ಕರ್ಣವಿಧಾನವನ್ನು ಪ್ರಕಟಿಸಿದ್ದು 1891ರಲ್ಲಿ. ಸಾಧನೆ ಹತ್ತು ಸಾಲಿನಲ್ಲಿ ಮುಗಿಯುತ್ತದೆಯಾದರೂ ಅವಸರದಲ್ಲಿ ಬರೆದರೆ ಅದರಲ್ಲಿ ನಿಜವಾದ ಒಂದು ತೂತು ಉಳಿದುಬಿಡುತ್ತದೆ.

ಮೊದಲು ಹೇಳಿಕೆಯನ್ನು ಸರಿಯಾಗಿ ಇಡಿ. ‘ಎಲ್ಲ ಸಂಖ್ಯೆಗಳೂ ಪಟ್ಟಿಯಲ್ಲಿವೆ ಎಂದುಕೊಳ್ಳೋಣ’ ಎನ್ನುವ ಬದಲು ‘ಯಾವ ಪಟ್ಟಿಯನ್ನು ಕೊಟ್ಟರೂ ಅದರಲ್ಲಿಲ್ಲದ ಒಂದು ಸಂಖ್ಯೆಯನ್ನು ರಚಿಸುತ್ತೇವೆ’ ಎಂದು ಆರಂಭಿಸುವುದು ಲೇಸು. ಬಿಟ್ಟುಹೋದ ಸಂಖ್ಯೆಯನ್ನೂ ಸೇರಿಸಿಕೊಂಡರಾಯಿತಲ್ಲ ಎಂದು ಯಾರಾದರೂ ಕೇಳಿದರೆ, ಸೇರಿಸಿದ ಮೇಲೆ ಸಿಗುವುದೂ ಒಂದು ಪಟ್ಟಿಯೇ, ಅದಕ್ಕೂ ಇದೇ ಮಾತು ಸಲ್ಲುತ್ತದೆ ಎಂದು ಆಗ ಉತ್ತರಿಸಬಹುದು.

ಬಳಿಕ ಸಂಖ್ಯೆಗಳನ್ನು ದಶಮಾಂಶ ರೂಪದಲ್ಲಿ ಒಂದರ ಕೆಳಗೊಂದು ಬರೆದು, ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತ ಹೋಗಿ. ಎದುರಾದ ಅಂಕಿ 5 ಆಗಿದ್ದರೆ 4 ಎಂದೂ, ಬೇರೆ ಏನಾಗಿದ್ದರೂ 5 ಎಂದೂ ಬರೆಯಿರಿ. ಪಟ್ಟಿಯ ಮೊದಲ ಸಂಖ್ಯೆಗಳು 0.3141…, 0.5000…, 0.2752…, 0.1215… ಆಗಿದ್ದರೆ ಹೊಸ ಸಂಖ್ಯೆ 0.5544… ಎಂದು ಮೊದಲಾಗುತ್ತದೆ. ಅದು ಪಟ್ಟಿಯ ನೂರನೆಯ ಸಂಖ್ಯೆ ಆಗಿರಲಾರದು, ಏಕೆಂದರೆ ಎರಡರ ನೂರನೆಯ ಅಂಕಿಗಳೇ ಬೇರೆ ಬೇರೆ; ಉಳಿದ ಸ್ಥಾನಗಳಿಗೂ ಇದೇ ಕಾರಣ.

ತೂತು ಇರುವುದು ಇಲ್ಲಿಯೇ. ಅಂಕಿಗಳು ಬೇರೆಯಾದ ಮಾತ್ರಕ್ಕೆ ಸಂಖ್ಯೆ ಬೇರೆಯಾಗಬೇಕಿಲ್ಲ: 0.4999… ಮತ್ತು 0.5000… ಒಂದೇ ಸಂಖ್ಯೆ. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದು 0 ಇದ್ದಲ್ಲಿ 1, 1 ಇದ್ದಲ್ಲಿ 0 ಎಂದು ಬದಲಿಸುವವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. 1/2, 1/8, 1/16, 1/32… (ದ್ವಿಮಾನದಲ್ಲಿ 0.1000…, 0.0010…, 0.0001…, 0.00001…) ಎಂಬ ಪಟ್ಟಿಗೆ ಆ ನಿಯಮ ಕೊಡುವ ‘ಹೊಸ’ ಸಂಖ್ಯೆ 0.0111…, ಅದು 1/2ಕ್ಕೇ ಸಮ, ಅಂದರೆ ಪಟ್ಟಿಯ ಮೊದಲ ಸಂಖ್ಯೆಯೇ! (ಕ್ಯಾಂಟರ್ ತಮ್ಮ ಲೇಖನದಲ್ಲಿ ಸಂಖ್ಯೆಗಳ ಬದಲು ಎರಡು ಚಿಹ್ನೆಗಳ ಅನಂತ ಸರಣಿಗಳನ್ನೇ ಬಳಸಿದ್ದರಿಂದ ಅವರಿಗೆ ಈ ತೊಡಕು ಎದುರಾಗಲಿಲ್ಲ.) ದಶಮಾಂಶದಲ್ಲಿ 4 ಮತ್ತು 5 ಮಾತ್ರ ಇರುವ ಸಂಖ್ಯೆಗೆ ಇನ್ನೊಂದು ರೂಪವಿಲ್ಲ, ಏಕೆಂದರೆ ಎರಡು ರೂಪಗಳಿರುವ ಸಂಖ್ಯೆಗಳು ಕೊನೆಯಿಲ್ಲದ 0ಗಳಲ್ಲೋ 9ಗಳಲ್ಲೋ ಸಾಗುತ್ತವೆ. ಈ ವಾಕ್ಯವನ್ನು ಸಾಧನೆಯಲ್ಲಿ ಬರೆಯಲೇಬೇಕು.

ಕೊನೆಗೆ ಒಂದು ಪರೀಕ್ಷೆ. ಭಾಗಲಬ್ಧ ಸಂಖ್ಯೆಗಳನ್ನು, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದವನ್ನು, ಪಟ್ಟಿ ಮಾಡಲು ಸಾಧ್ಯ; ಹಾಗಿದ್ದರೆ ಇದೇ ಸಾಧನೆ ಅವುಗಳಿಗೂ ಅನ್ವಯಿಸಿ ಎಡವಟ್ಟಾಗುವುದಿಲ್ಲವೇ? ಆಗುವುದಿಲ್ಲ: ಕರ್ಣದಿಂದ ಹೊಸ ಸಂಖ್ಯೆಯೊಂದು ಹುಟ್ಟುತ್ತದೆ ನಿಜ, ಆದರೆ ಅದು ಅಭಾಗಲಬ್ಧ.