ಖಡಕ್ ರೊಟ್ಟಿ ಮೆತ್ತಗಾದ ರೂಮು

ಬೆಳಗಾವಿಯವರಿಗೆ ಮಹಾರಾಷ್ಟ್ರದ ಗಿರಿಧಾಮ ಅಂಬೋಲಿ ಅಂದರೆ ದೊಡ್ಡ ಪ್ರವಾಸವೇನಲ್ಲ. ಹಿಂಡಲಗಾ ದಾಟಿ, ಬಾಚಿ, ಶಿನೋಳಿ ಅಂತ ವೆಂಗುರ್ಲಾ ರಸ್ತೆ ಹಿಡಿದರೆ ಸುಮಾರು ಎಪ್ಪತ್ತು ಕಿಲೋಮೀಟರ್. ಬೆಳಿಗ್ಗೆ ಹೋಗಿ, ಜಲಪಾತದಲ್ಲಿ ತೊಯ್ಸಿಕೊಂಡು, ಸುಟ್ಟ ಗೋವಿನಜೋಳದ ತೆನೆ ತಿಂದು ಸಂಜೆ ಮನೆ ಸೇರುತ್ತಾರೆ. ನಾವೂ ಎಷ್ಟೋ ವರ್ಷ ಹಾಗೇ ಮಾಡಿದವರು. ಅಲ್ಲಿ ರಾತ್ರಿ ಉಳಿಯುವ ಮಾತು ಬಂದದ್ದು ಅವ್ವನಿಂದ.

ಅವ್ವನ ತವರು ಸಂಕೇಶ್ವರ. ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಆಡಿ ಬೆಳೆದವಳು. ಅಲ್ಲಿನ ಸಕ್ಕರೆ ಕಾರ್ಖಾನೆಗೂ ಆ ಹೊಳೆಯದೇ ಹೆಸರು. ಆ ಹೊಳೆ ಹುಟ್ಟುವುದು ಅಂಬೋಲಿಯಲ್ಲಿ ಅಂತ ನನ್ನ ಮಗಳು ಎಲ್ಲೋ ಓದಿ ಹೇಳಿದಳು. ಅವತ್ತಿನಿಂದ ಅವ್ವನದು ಒಂದೇ ಹಟ. "ಸಾಯೂದ್ರೊಳಗ ನಮ್ಮ ಹೊಳಿ ಹುಟ್ಟೂ ಜಾಗಾ ನೋಡಬೇಕಪಾ." ವಯಸ್ಸು ಎಪ್ಪತ್ತೆರಡು, ಮೇಲೆ ಮೊಣಕಾಲು ನೋವು. ಒಂದೇ ದಿನದಲ್ಲಿ ಓಡಾಡಿಸುವುದು ಬೇಡ, ಎರಡು ರಾತ್ರಿ ಉಳಿದು ಆರಾಮಾಗಿ ನೋಡೋಣ ಅಂದುಕೊಂಡೆ.

ಮೊದಲ ಸಲ ನಾನು ಮಾಡಿದ ತಪ್ಪುಗಳನ್ನೇ ಮೊದಲು ಹೇಳಿಬಿಡುತ್ತೇನೆ.

ಫೋನಿನಲ್ಲಿ ಫೋಟೋ ನೋಡಿ ಹೋಟೆಲ್ ಆರಿಸಿದೆ. ಕಣಿವೆಯ ಅಂಚಿಗೇ ಕಟ್ಟಿದ್ದಾರೆ. ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ, ಬಾಲ್ಕನಿ, ಅದರಾಚೆ ಹಸಿರು ಬೆಟ್ಟಸಾಲು. ರಾತ್ರಿಗೆ 4,200 ರೂಪಾಯಿ. ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಹೋಗಿ ಇಳಿದೆವು. ರೂಮಿನ ಪರದೆ ಸರಿಸಿದರೆ ಕಿಟಕಿಯಾಚೆ ಬಿಳಿ ಗೋಡೆ. ಬರೀ ಮಂಜು. ಬಾಲ್ಕನಿಯ ಕಂಬಿಯೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೋದೀತು ಅಂತ ಕೂತೆವು. ಎರಡು ದಿನ ಹೋಗಲಿಲ್ಲ.

ಮಂಜು ಇರಲಿ, ಅದಕ್ಕೇ ತಾನೇ ಹೋಗಿದ್ದು. ತೊಂದರೆ ಕೊಟ್ಟದ್ದು ಥಂಡಿ ಹಿಡಿದ ರೂಮು. ಗಾದಿಯ ಮೇಲೆ ಕೈಯಿಟ್ಟರೆ ಹಸಿ. ದಿಂಬಿಗೆ ಮುಗ್ಗಲು ವಾಸನೆ. ಗಾಳಿ ಬೀಸಿದಾಗಲೆಲ್ಲ ಮಳೆ ಅಡ್ಡಡ್ಡ ಬಂದು ಗಾಜಿಗೆ ಬಡಿಯುತ್ತಿತ್ತು. ಕಿಟಕಿಯ ಸಂದಿಯಿಂದ ನೀರು ಇಳಿದು ನೆಲದ ಮೇಲೆ ಸಣ್ಣಗೆ ಹರಿಯುತ್ತಿತ್ತು. ಅವ್ವ ಊಟಕ್ಕೆ ಅಂತ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ಅನ್ನ ಎರಡು ಹೊತ್ತು ತಿಂದರೆ ಅವಳಿಗೆ ಆಗುವುದಿಲ್ಲ. ಬೆಳಿಗ್ಗೆ ಬಟ್ಟೆಯ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿದಳು. ಮುರಿಯಲು ಹೋದರೆ ಸಪ್ಪಳವೇ ಇಲ್ಲ. ಚಪಾತಿಯ ಹಾಗೆ ಮಡಚಿಕೊಂಡಿತು. ನಮ್ಮಲ್ಲಿ ತಿಂಗಳುಗಟ್ಟಲೆ ಇರುವ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗಿತ್ತು! ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ತೂಗಾಡಿಸಿದಳು. "ರೊಟ್ಟೀನ ಹಿಂಗಾತು, ನನ್ನ ಮೊಣಕಾಲ ಏನಾಗಬೇಕು?"

ಬಿಸಿನೀರಿನದು ಇನ್ನೊಂದು ಕತೆ. 'ದಿನವಿಡೀ ಬಿಸಿನೀರು' ಅಂತ ಬರೆದಿದ್ದರು. ನಲ್ಲಿ ಬಿಟ್ಟರೆ ಹಿಮದಂಥ ನೀರು. ಕೇಳಿದರೆ, ಸೋಲಾರ್ ಅಂತೆ. ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಿನಲ್ಲಿ ಸೋಲಾರ್! ನಮ್ಮ ಮನೆಯದೇ ಜುಲೈನಲ್ಲಿ ಉಗುರು ಬೆಚ್ಚಗೂ ಆಗುವುದಿಲ್ಲ. ಬುಕ್ ಮಾಡುವಾಗ ಅದು ನನ್ನ ತಲೆಗೆ ಹೊಳೆಯಲಿಲ್ಲ ನೋಡಿ. ಮಾಣಿ ಬಕೆಟ್‌ನಲ್ಲಿ ನೀರು ಕಾಯಿಸಿ ತಂದುಕೊಟ್ಟ, ಪಾಪ. ಭಾನುವಾರ ಹೊರಗೆ ಹೊರಟರೆ ಜಲಪಾತದ ಕಡೆ ಗಾಡಿಗಳ ಸಾಲು, ಎರಡು ತಾಸು ನಿಂತಲ್ಲೇ ನಿಂತೆವು. ಹೊಳೆ ಹುಟ್ಟುವ ಜಾಗಕ್ಕೆ ಹೋಗುವುದಿರಲಿ, ಅದರ ದಾರಿಯನ್ನೂ ಕೇಳಲಿಲ್ಲ. ಒಂದು ರಾತ್ರಿಯ ದುಡ್ಡು ಬಿಟ್ಟು ವಾಪಸ್ ಬಂದೆವು.

ಹೋಟೆಲಿನವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅದೇ ರೂಮು ಡಿಸೆಂಬರ್‌ನಲ್ಲಿ ಸ್ವರ್ಗ ಇದ್ದೀತು. ನಾನು ನೋಡಿದ ಫೋಟೋ, ಓದಿದ ಹೊಗಳಿಕೆ ಎಲ್ಲ ಚಳಿಗಾಲದವು. ಮನೆಗೆ ಬಂದು ಸಿಟ್ಟಿನಲ್ಲಿ ಮತ್ತೆ ತೆಗೆದು ನೋಡಿದೆ. ಜುಲೈ, ಆಗಸ್ಟ್‌ನಲ್ಲಿ ಬರೆದವರದು ಬರೀ ನಾಲ್ಕು ರಿವ್ಯೂ ಇದ್ದವು. ನಾಲ್ಕರಲ್ಲಿ ಮೂರು ಜನ ಹಸಿ ಹಾಸಿಗೆ ಅಂತಲೇ ಬರೆದಿದ್ದರು. ಈಗ ನಾನು ಯಾವ ತಿಂಗಳು ಹೋಗುತ್ತೇನೋ ಆ ತಿಂಗಳಲ್ಲಿ ಬರೆದದ್ದನ್ನು ಮಾತ್ರ ಓದುತ್ತೇನೆ. ಉಳಿದ ನಕ್ಷತ್ರಗಳೆಲ್ಲ ಸುಮ್ನೆ.

ಆಮೇಲೆ ಸ್ವಲ್ಪ ತಲೆ ಓಡಿಸಿದೆ. ಅಂಬೋಲಿಯ ಎತ್ತರ ಸುಮಾರು 690 ಮೀಟರ್. ನಮ್ಮ ಬೆಳಗಾವಿಯೇ ಅದಕ್ಕಿಂತ ಎತ್ತರ, ಸುಮಾರು 750. ಅಂದರೆ ನಾವು ಗಿರಿಧಾಮಕ್ಕೆ ಹತ್ತುವುದಿಲ್ಲ, ಇಳಿಯುತ್ತೇವೆ! ನಮ್ಮ ಕಡೆಯಿಂದ ಹೋದರೆ ಘಾಟೂ ಸಿಗುವುದಿಲ್ಲ. ಊರು ದಾಟಿ ಸಾವಂತವಾಡಿ ಕಡೆ ಹೊರಟಾಗ ಘಾಟು ಶುರು. ಊರು ಇರುವುದೇ ಸಹ್ಯಾದ್ರಿಯ ಅಂಚಿನಲ್ಲಿ. ಅರಬ್ಬೀ ಸಮುದ್ರದಿಂದ ಬರುವ ಹಸಿಗಾಳಿ ಗೋಡೆಯಂಥ ಆ ಅಂಚಿಗೆ ಬಡಿದು ಮೇಲೇರುತ್ತದೆ. ಮೇಲೇರಿದ ಹಾಗೆ ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಕಾವಳೆಸಾದ್ ಪಾಯಿಂಟಿನಲ್ಲಿ ಗಾಳಿಯ ಜೋರಿಗೆ ಜಲಪಾತದ ನೀರೇ ಮೇಲಕ್ಕೆ ಹಾರುತ್ತದೆ. ಅಂಥ ಗಾಳಿಗೆ ಮುಖ ಮಾಡಿದ ಕಿಟಕಿಯ ರೂಮಿಗೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದೆ. ಮಳೆಗಾಲದಲ್ಲಿ ಬೇಕಾದದ್ದು ಪೂರ್ವಕ್ಕೆ ಮುಖ ಮಾಡಿದ, ಊರೊಳಗಿನ, ಮರಗಳ ಮರೆಯ ರೂಮು. ನೆಲಮಹಡಿಯೂ ಬೇಡ. ಕೆಂಪು ಜಂಬಿಟ್ಟಿಗೆಯ ಗೋಡೆ ಕೆಳಗಿನಿಂದ ನೀರು ಹೀರುತ್ತದೆ.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಹೋದಾಗ ಆನ್‌ಲೈನ್ ಬುಕ್ಕಿಂಗ್ ಮಾಡಲಿಲ್ಲ. ಐದಾರು ಕಡೆ ಫೋನ್ ಹಚ್ಚಿದೆ. ನನ್ನ ಹರಕು ಮರಾಠಿಯಲ್ಲಿ ಎಲ್ಲರಿಗೂ ಅವೇ ಪ್ರಶ್ನೆ. ಗೀಸರ್ ಕರೆಂಟಿನದೋ ಸೋಲಾರೋ? ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು? ತೊಯ್ದ ಬಟ್ಟೆ ಒಣಗಿಸುವುದು ಎಲ್ಲಿ? ಕೊನೆಯ ಪ್ರಶ್ನೆಗೆ ಬಹಳ ಜನ "ಬಾಲ್ಕನಿ ಇದೆಯಲ್ಲ" ಅಂದರು. ಅವರಿಗೆಲ್ಲ ನಮಸ್ಕಾರ ಹೇಳಿ ಫೋನ್ ಇಟ್ಟೆ. ಒಬ್ಬ ಹೆಣ್ಣುಮಗಳು ಮಾತ್ರ, "ಅಡುಗೆಮನೆಯಲ್ಲಿ, ಒಲೆಯ ಮೇಲೆ ಹಗ್ಗ ಕಟ್ಟಿದ್ದೇನೆ, ಆದರೆ ಹೊಗೆ ವಾಸನೆ ಬಂದರೆ ಬೈಬೇಡಿ" ಅಂದರು. ಅಲ್ಲೇ ಗಟ್ಟಿ ಮಾಡಿದೆ. 1,600 ರೂಪಾಯಿ. ಮಂಗಳವಾರ, ಬುಧವಾರ.

ಎಂಟೇ ರೂಮಿನ ಲಾಡ್ಜು. ನೋಡಲು ಏನೂ ಇಲ್ಲ. ಕಿಟಕಿ ತೆಗೆದರೆ ಪಕ್ಕದ ಮನೆಯ ಹಿತ್ತಲು, ಒಂದು ಹಲಸಿನ ಮರ. ಹಾಸಿಗೆ ಮಾತ್ರ ಬೆಚ್ಚಗಿತ್ತು. ವರಾಂಡದಲ್ಲಿ ಹಳೆಯ ಮರದ ಕಪಾಟು, ಒಳಗೆ ಹಗಲು ರಾತ್ರಿ ಉರಿಯುವ ಒಂದು ಬಲ್ಬು. ಬಲ್ಬಿನ ಕಾವಿಗೆ ಒಳಗೆ ಥಂಡಿ ನಿಲ್ಲುವುದಿಲ್ಲ. ಪುಣೆಯಿಂದ ಕಪ್ಪೆ, ಹಾವು ನೋಡಲು ಬಂದಿದ್ದ ಹುಡುಗರು ತಮ್ಮ ಕ್ಯಾಮೆರಾಗಳನ್ನು ಅದರಲ್ಲಿ ಇಟ್ಟಿದ್ದರು. ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಹೊರಡುವರು. ಆ ಊರಿನ ಸುತ್ತ ಮುತ್ತ ಮಾತ್ರ ಸಿಗುವ ಒಂದು ನೆಲಗಪ್ಪೆ ಇದೆಯಂತೆ, ಅಂಬೋಲಿ ಟೋಡ್ ಅಂತಲೇ ಅದರ ಹೆಸರು. ಮಗಳು ಅವರ ಹಿಂದೆಯೇ ಹೋದಳು. ನನಗೆ ಅವರು ಕೊಟ್ಟ ಬುದ್ಧಿ ಒಂದೇ: ಬೆಳಿಗ್ಗೆ ಬೂಟು ಕೊಡವದೆ ಕಾಲು ಹಾಕಬೇಡಿ.

ಅವ್ವ ಮೊದಲ ದಿನವೇ ಅಡುಗೆಮನೆ ಸೇರಿದಳು. ಮಾಲಕಿಗೆ ಕನ್ನಡ ಬಾರದು, ಅವ್ವನ ಮರಾಠಿ ಸಂಕೇಶ್ವರದ ಸಂತೆಯದು. ಆದರೂ ಮಾತು ನಿಲ್ಲಲಿಲ್ಲ. ಮಾಲಕಿ ನಮ್ಮ ರೊಟ್ಟಿ ನೋಡಿ, ಬಟ್ಟೆಯಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿ, ಒಲೆಯ ಮೇಲಿನ ಹಲಗೆಗೆ ಏರಿಸಿದರು. ಬೆಳಿಗ್ಗೆ ಅವ್ವ ರೊಟ್ಟಿ ಮುರಿದ ಸಪ್ಪಳ ನನಗೆ ಹೊರಗಿನ ಕಟ್ಟೆಗೆ ಕೇಳಿಸಿತು. ಅವತ್ತು ನಮ್ಮ ಊಟಕ್ಕೆ ಕೋಕಂ, ತೆಂಗಿನಹಾಲಿನ ಅವರ ಸೋಲ್‌ಕಡಿ, ನಮ್ಮ ಶೇಂಗಾ ಹಿಂಡಿ.

ಬುಧವಾರ ರಸ್ತೆ ಖಾಲಿ. ಗಾಡಿ ನಿಲ್ಲಿಸಿ ಸ್ವಲ್ಪ ದೂರ ಕಾಡಿನಲ್ಲಿ ನಡೆದರೆ ಸಣ್ಣ ಗುಡಿ, ಮಹಾದೇವನದು. ಗುಡಿಯ ಹತ್ತಿರದ ಗವಿಯಿಂದ ನೀರು ಬಂದು ಮುಂದಿನ ಹೊಂಡಕ್ಕೆ ಬೀಳುತ್ತದೆ. ಆ ನೀರಿನಲ್ಲಿ 2020ರಲ್ಲಿ ಒಂದು ಹೊಸ ಜಾತಿಯ ಮೀನು ಸಿಕ್ಕಿತು. ಹೊಳೆಯ ಹೆಸರನ್ನೇ ಅದಕ್ಕೂ ಇಟ್ಟರು, ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ತಾಣ ಅಂತ ಘೋಷಿಸಿತು. ಇದನ್ನೆಲ್ಲ ಮಗಳು ಅವ್ವನಿಗೆ ಬಿಡಿಸಿ ಹೇಳುತ್ತಿದ್ದಳು. ಈ ನೀರು ಸಂಕೇಶ್ವರ ದಾಟಿ ಘಟಪ್ರಭೆಗೆ ಸೇರಿ ಗೋಕಾಕ ಫಾಲ್ಸ್‌ನಲ್ಲಿ ಬೀಳುತ್ತದೆ ಅಂದಳು. ಅವ್ವನ ಲಕ್ಷ್ಯ ಅಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಬೊಗಸೆಯಲ್ಲಿ ನೀರು ಹಿಡಿದು ತಲೆಗೆ ಹಚ್ಚಿಕೊಂಡಳು. ಎಷ್ಟೋ ಹೊತ್ತು ನೋಡುತ್ತಾ ಕೂತವಳು, "ಇಷ್ಟ ಸಣ್ಣದು! ನಮ್ಮೂರಾಗ ಬಂದು ಎಷ್ಟು ಜೋರ ಮಾಡತೈತಿ ನೋಡು" ಅಂದು ನಕ್ಕಳು.

ಹೊರಡುವಾಗ ಬಿಲ್ಲಿನಲ್ಲಿ ಅವ್ವನ ಚಹಾ ಒಂದೂ ಸೇರಿಸಿರಲಿಲ್ಲ. ಕೇಳಿದ್ದಕ್ಕೆ ಮಾಲಕಿ, "ಮುಂದಿನ ಸಲ ಬರುವಾಗ ಸಂಕೇಶ್ವರಿ ಮೆಣಸಿನಕಾಯಿ ತನ್ನಿ, ಮಸಾಲೆಗೆ ಬೇಕು" ಅಂದರು. ಈ ಸಲ ಎರಡು ಕಿಲೋ ಕಟ್ಟಿಸಿಟ್ಟಿದ್ದೇವೆ. ಹಸಿಯಾಗದಂತೆ ಡಬ್ಬಿಯಲ್ಲೇ ಒಯ್ಯಬೇಕು ಅಂತ ಅವ್ವ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದಾಳೆ.