ಗೇರ್‌ಬಾಕ್ಸ್‌ಗೆ ಯಾವ ಆಯಿಲ್? ನಾನೇ ಬದಲಾಯಿಸಿದ ಅನುಭವ

ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಜಿಎಲ್-4 (ಇದು ಗೇರ್ ಆಯಿಲಿನ ಒಂದು ದರ್ಜೆ) ಅಂತ ಇದ್ದರೆ ಗೇರ್‌ಬಾಕ್ಸ್‌ಗೆ ಜಿಎಲ್-5 ಹಾಕಿಸಬೇಡಿ. ಅಂಗಡಿಯವರು "ಇದು ಅದಕ್ಕಿಂತ ಒಂದು ಮೇಲು" ಅಂದರೂ ಬೇಡ. ಈ ಒಂದು ಮಾತು ಹೇಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಮ್ಯಾನ್ಯುಯಲ್. ಮೈಸೂರಿನಲ್ಲಿ ಕೊಂಡದ್ದು, ಮನೆ ಮಂಡ್ಯದಲ್ಲಿ. ಕೊಂಡಾಗಿನಿಂದ ಒಂದೇ ತೊಂದರೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಒಂದರಿಂದ ಎರಡಕ್ಕೆ ಗೇರ್ ಬೀಳುತ್ತಿರಲಿಲ್ಲ, ಬಲವಂತ ಮಾಡಿದರೆ ಕರ್ ಅನ್ನುತ್ತಿತ್ತು. ಸ್ವಲ್ಪ ದೂರ ಓಡಿಸಿ ಬಿಸಿಯಾದ ಮೇಲೆ ಅರ್ಧ ಸರಿಹೋಗುತ್ತಿತ್ತು. ನಮ್ಮ ಕಡೆ ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ರಸ್ತೆಯಲ್ಲಿ ಹೋಗಿದ್ದರೆ ನಿಮಗೇ ಗೊತ್ತಿರುತ್ತದೆ, ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೈಲರ್, ಅದರ ಹಿಂದೆ ನಾವು, ಎರಡು-ಮೂರು-ಎರಡು ಅಂತ ಗೇರ್ ಬದಲಾಯಿಸುತ್ತಲೇ ಇರಬೇಕು. ಅಂಥ ರಸ್ತೆಯಲ್ಲಿ ಎರಡನೇ ಗೇರ್ ಕೈ ಕೊಟ್ಟರೆ ದಿನಾ ಗೋಳು.

ಒಂದು ಗ್ಯಾರೇಜಿನಲ್ಲಿ ಕ್ಲಚ್ ಹೋಗಿದೆ ಅಂದರು. ಇನ್ನೊಂದು ಕಡೆ ಗೇರ್‌ಬಾಕ್ಸ್ ಇಳಿಸಿ ಸಿಂಕ್ರೋ ರಿಂಗ್ ಹಾಕಬೇಕು ಅಂದರು. ಒಳಗೆ ಯಾವ ಆಯಿಲ್ ಇದೆ ಅಂತ ಯಾರೂ ಕೇಳಲಿಲ್ಲ. ಹಳೇ ಮಾಲೀಕರು ಕೊಟ್ಟಿದ್ದ ಬಿಲ್ಲುಗಳ ಕಟ್ಟು ಮನೆಯಲ್ಲಿತ್ತು. ತೆಗೆದು ನೋಡಿದರೆ ಒಂದರಲ್ಲಿ ಸ್ಪಷ್ಟವಾಗಿ "ಗೇರ್ ಆಯಿಲ್ 80ಡಬ್ಲ್ಯು-90 ಜಿಎಲ್-5" ಅಂತ ಇತ್ತು. ನನ್ನ ಕಾರಿನ ಪುಸ್ತಕ ಕೇಳುವುದು 75ಡಬ್ಲ್ಯು-90 ಜಿಎಲ್-4.

ಇದರಲ್ಲಿ ಏನು ವ್ಯತ್ಯಾಸ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಗಲಾಟೆ ಇರುವುದೇ ಇಲ್ಲಿ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಒಳಗೆ ಮುಂದಕ್ಕೆ ಓಡಿಸುವ ಪ್ರತಿ ಗೇರಿಗೂ ಸಿಂಕ್ರೋ ರಿಂಗ್ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆಯದು. ನಾವು ಲಿವರ್ ತಳ್ಳಿದಾಗ ಈ ರಿಂಗ್ ಗೇರಿನ ಕೋನ್ ಮೇಲೆ ಒತ್ತಿ ಉಜ್ಜುತ್ತದೆ, ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತದೆ, ಆಮೇಲೆ ಹಲ್ಲು ಹಲ್ಲಿಗೆ ಸದ್ದಿಲ್ಲದೆ ಕೂರುತ್ತದೆ. ಅಂದರೆ ಇದಕ್ಕೆ ಹಿಡಿತ ಬೇಕು. ಆಯಿಲ್ ತೀರಾ ಜಾರಿಕೆಯಾದರೆ ರಿಂಗ್ ಹಿಡಿಯುವುದಿಲ್ಲ, ವೇಗ ಒಂದಾಗುವ ಮೊದಲೇ ಹಲ್ಲುಗಳು ತಾಗುತ್ತವೆ. ಆ ಕರ್ ಶಬ್ದ ಅದೇ.

ಜಿಎಲ್-5 ಮಾಡಿರುವುದು ಬೇರೆ ಕೆಲಸಕ್ಕೆ. ಓಮ್ನಿ, ಈಕೋ, ಬೊಲೆರೊ ತರಹ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಹಿಂದೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇರುತ್ತದಲ್ಲ, ಅದರೊಳಗಿನ ಹೈಪಾಯ್ಡ್ ಅನ್ನುವ ಓರೆ ಹಲ್ಲಿನ ಗೇರುಗಳು ಒಂದರ ಮೇಲೊಂದು ಭಾರಿ ಒತ್ತಡದಲ್ಲಿ ಜಾರುತ್ತವೆ. ಅಲ್ಲಿ ಲೋಹಕ್ಕೆ ಲೋಹ ತಾಗಬಾರದು ಅಂತ ಗಂಧಕ, ರಂಜಕದ ಅಂಶವನ್ನು ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಾಕಿರುತ್ತಾರೆ. ಗಾಡಿ ಬಿಸಿಯಾದಾಗ ಈ ಗಂಧಕ ಹಿತ್ತಾಳೆ, ಕಂಚಿನಂಥ ಲೋಹವನ್ನು ನಿಧಾನವಾಗಿ ತಿನ್ನಬಹುದು. ಈಗಿನ ಕೆಲವು ಜಿಎಲ್-5 ಆಯಿಲುಗಳಲ್ಲಿ ಆ ತೊಂದರೆ ಕಡಿಮೆ, ಆದರೆ ಜಾರಿಕೆಯ ತೊಂದರೆ ಉಳಿದೇ ಇರುತ್ತದೆ. ಹಾಗಂತ ಜಿಎಲ್-5 ಎಲ್ಲ ಮ್ಯಾನ್ಯುಯಲ್‌ಗೂ ತಪ್ಪು ಅಂತಲ್ಲ. ಸುಬಾರು ಕಾರುಗಳಲ್ಲಿ ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇರುವುದರಿಂದ ಕಂಪನಿಯೇ ಜಿಎಲ್-5 ಹೇಳುತ್ತದೆ. ಆದ್ದರಿಂದ ಪುಸ್ತಕ ನೋಡಿ, ಅಂಗಡಿಯ ಶೆಲ್ಫ್ ನೋಡಬೇಡಿ.

75, 90 ಅನ್ನುವ ಸಂಖ್ಯೆಗಳ ಬಗ್ಗೆಯೂ ಜನರಿಗೆ ಭಯ ಜಾಸ್ತಿ. "90 ಅಂದರೆ ಎಂಜಿನ್ನಿನ 40ಕ್ಕಿಂತ ಎರಡು ಪಟ್ಟು ಗಟ್ಟಿ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಎರಡೂ ಬೇರೆ ಬೇರೆ ಅಳತೆಪಟ್ಟಿ. 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲಿನ 90 ಅಂದರೆ 13.5ರಿಂದ 18.5 ಸೆಂಟಿಸ್ಟೋಕ್ (ಆಯಿಲ್ ಎಷ್ಟು ಗಟ್ಟಿ ಅಂತ ಅಳೆಯುವ ಮಾನ), ಎಂಜಿನ್ ಆಯಿಲಿನ 40 ಅಂದರೆ 12.5ರಿಂದ 16.3. ಹತ್ತಿರ ಹತ್ತಿರ ಒಂದೇ. ಮೊದಲು ಬರುವ ಸಂಖ್ಯೆ, ಅಂದರೆ 75 ಅಥವಾ 80, ಚಳಿಯದು. 75ಡಬ್ಲ್ಯುವನ್ನು ಮೈನಸ್ 40 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 80ಡಬ್ಲ್ಯುವನ್ನು ಮೈನಸ್ 26ರಲ್ಲಿ. ಮೈಸೂರು, ಮಂಡ್ಯದಲ್ಲಿ ಧನುರ್ಮಾಸದ ಚಳಿ ಅಂದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ ನಿಜ. ಆದರೂ ಅಂಥ ಬೆಳಗ್ಗೆ ಸಿಂಥೆಟಿಕ್ 75ಡಬ್ಲ್ಯು ಸಲೀಸಾಗಿ ಹರಿಯುತ್ತದೆ, ಹಳೇ ಮಾದರಿಯ 80ಡಬ್ಲ್ಯು ಹರಳೆಣ್ಣೆ ಥರ ಎಳೆಯುತ್ತದೆ. ಲಿವರ್ ಹಿಡಿದ ಕೈಗೆ ಅದು ಗೊತ್ತಾಗುತ್ತದೆ.

ಆಯಿಲ್ ತಂದದ್ದು ಮೈಸೂರಿನಿಂದ. ಬ್ರ್ಯಾಂಡ್ ಯಾವುದು ಅಂತ ಹೇಳುವುದಿಲ್ಲ, ಯಾಕೆಂದರೆ ಕ್ಯಾಸ್ಟ್ರಾಲ್ ಆಗಲಿ ಸರ್ವೋ ಆಗಲಿ ಮೋಟುಲ್ ಆಗಲಿ, ಡಬ್ಬದ ಹಿಂದೆ ಏನು ಬರೆದಿದೆ ಅನ್ನುವುದಷ್ಟೇ ಮುಖ್ಯ. ಮುಂದುಗಡೆ ದೊಡ್ಡದಾಗಿ ಗ್ರೇಡ್ ಇರುತ್ತದೆ, ಜಿಎಲ್ ಸಂಖ್ಯೆ ಬಹಳ ಸಲ ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ಸೀಲ್ ನೋಡಿ, ಬಿಲ್ ತಗೊಳ್ಳಿ. ಡ್ರಮ್ಮಿನಿಂದ ಅಳೆದು ಕೊಡುವ ಆಯಿಲ್ ಬೇಡ, ಅದರೊಳಗೆ ಏನಿದೆ ಅಂತ ಕೊಡುವವರಿಗೂ ಖಾತ್ರಿ ಇರುವುದಿಲ್ಲ.

ಬದಲಾಯಿಸುವಾಗ ಒಂದು ನಿಯಮವನ್ನು ಮಾತ್ರ ಯಾವತ್ತೂ ಮುರಿಯಬೇಡಿ. ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಅದು ಬಿಚ್ಚಿತು ಅಂತ ಖಾತ್ರಿಯಾದ ಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟಿ. ತುಂಬುವ ಬೋಲ್ಟ್ ವರ್ಷಗಟ್ಟಲೆ ಯಾರೂ ಮುಟ್ಟದೆ ಜಾಮ್ ಆಗಿರುತ್ತದೆ. ಹಳೇ ಆಯಿಲ್ ಎಲ್ಲ ಸುರಿದ ಮೇಲೆ ಅದು ಬರಲಿಲ್ಲ ಅಂದರೆ ಕಾರು ಅಂಗಳದಲ್ಲೇ ಕೂರುತ್ತದೆ. ನನ್ನದರಲ್ಲೂ ಬಿಗಿಯಾಗಿತ್ತು, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎಳೆದಾಗ ಬಂತು.

ಕೆಲಸಕ್ಕೆ ಮೊದಲು ಶ್ರೀರಂಗಪಟ್ಟಣದವರೆಗೆ ಹೋಗಿ ಬಂದೆ, ಬಿಸಿಯಾದರೆ ಆಯಿಲ್ ಪೂರ್ತಿ ಇಳಿಯುತ್ತದೆ. ಆದರೆ ಬಂದ ತಕ್ಷಣ ಕೈ ಹಾಕಬೇಡಿ, ಸ್ವಲ್ಪ ಆರಲಿ. ಕಾರನ್ನು ಎತ್ತಿ ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆ ಹಾಕುವುದನ್ನು ನಾನು ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ, ಜೀವದ ಪ್ರಶ್ನೆ. ನಾಲ್ಕೂ ಕಡೆ ಸಮ ಇರಬೇಕಾದದ್ದು ಇನ್ನೊಂದು ಕಾರಣಕ್ಕೂ ಮುಖ್ಯ, ಕಾರು ಓರೆಯಾಗಿದ್ದರೆ ಆಯಿಲ್ ಮಟ್ಟ ತಪ್ಪು ತೋರಿಸುತ್ತದೆ. ನಾಲೆ ಏರಿಯ ಮೇಲೆ ಓಡಾಡುವ ಗಾಡಿ, ಬೋಲ್ಟ್ ಸುತ್ತ ಕೆಸರು ಒಣಗಿ ಕೂತಿತ್ತು. ಬ್ರಷ್ ಹಾಕಿ ಉಜ್ಜಿ ಒರೆಸಿದ ಮೇಲೆಯೇ ಬಿಚ್ಚಿದೆ, ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಬೇರಿಂಗ್‌ಗೆ ಕೇಡು.

ಇಳಿದ ಆಯಿಲ್ ಕಪ್ಪಗಿತ್ತು, ಗಂಧಕದ ಘಾಟು ವಾಸನೆ. ನನ್ನ ಡ್ರೈನ್ ಬೋಲ್ಟ್ ತುದಿಯಲ್ಲಿ ಅಯಸ್ಕಾಂತ ಇದೆ, ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಕೂತಿತ್ತು. ಅದು ಸಹಜ, ಹಲ್ಲುಗಳು ಸವೆದ ನುಣುಪು ಪುಡಿ. ಉಗುರಿಗೆ ಸಿಗುವಂಥ ಕಬ್ಬಿಣದ ಚೂರು ಇದ್ದರೆ ಮಾತ್ರ ಚಿಂತೆ. ನಾನು ಹಳೇ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿದೆ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಅದನ್ನು ಆಯಿಲ್‌ನಲ್ಲೇ ಹುಡುಕಬೇಕು. ಸಣ್ಣಗೆ ಹಳದಿ ಮಿಣುಕು ಕಂಡಿತು. ಸಿಂಕ್ರೋ ರಿಂಗ್ ಸ್ವಲ್ಪ ಸವೆದಿದೆ ಅಂತ ಅರ್ಥ.

ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಮುಚ್ಚಿದೆ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಮೈಮೇಲಿನ ಬಲವೆಲ್ಲ ಹಾಕಿ ತಿರುವಿದರೆ ತೂತಿನ ಮರೆ (ಥ್ರೆಡ್) ಕಿತ್ತು ಬರುತ್ತದೆ. ಟಾರ್ಕ್ ಸ್ಪ್ಯಾನರ್ ಇದ್ದರೆ ಪುಸ್ತಕದ ಅಳತೆಗೆ ಬಿಗಿ ಮಾಡಿ. ಬಾನೆಟ್ ಕಡೆಯಿಂದ ಉದ್ದ ಪೈಪು ಇಳಿಸಿ, ಮೇಲೆ ಫನೆಲ್ ಇಟ್ಟು ನಿಧಾನಕ್ಕೆ ಸುರಿದೆ. ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ತುಂಬುವ ತೂತಿನ ಅಂಚಿನಿಂದ ಸಣ್ಣಗೆ ತೊಟ್ಟಿಕ್ಕಲು ಶುರುವಾದರೆ ಸಾಕು, ಅಷ್ಟೇ ಅಳತೆ.

ಫಲಿತಾಂಶ? ಮೊದಲ ದಿನವೇ ಲಿವರ್ ಹಗುರ ಅನ್ನಿಸಿತು. ಎರಡನೇ ಗೇರಿನ ಕರ್ ಶಬ್ದ ಮಾತ್ರ ಕೆಲವು ವಾರ ತಗೊಂಡು ಮೆಲ್ಲಗೆ ಕಡಿಮೆಯಾಯಿತು. ಚಾಮುಂಡಿ ಬೆಟ್ಟ ಇಳಿಯುವಾಗ ಮೂರರಿಂದ ಎರಡಕ್ಕೆ ಹಾಕಿ ನೋಡಿದೆ, ಸದ್ದಿಲ್ಲದೆ ಬಿತ್ತು. ತುಂಬಾ ಚಳಿಯ ಬೆಳಗ್ಗೆ, ಅವಸರ ಮಾಡಿದರೆ, ಇನ್ನೂ ಸ್ವಲ್ಪ ತಡೆಯುತ್ತದೆ. ಸವೆದ ರಿಂಗನ್ನು ಯಾವ ಆಯಿಲೂ ಬೆಳೆಸುವುದಿಲ್ಲ. ಆದರೆ ಗೇರ್‌ಬಾಕ್ಸ್ ಇಳಿಸುವ ಖರ್ಚು ತಪ್ಪಿತು.

ಆಟೋಮ್ಯಾಟಿಕ್ ಇರುವವರು ಇದನ್ನೆಲ್ಲ ಹಾಗೇ ಮಾಡಲು ಹೋಗಬೇಡಿ. ಅಲ್ಲಿ ಗ್ರೇಡಿಗಿಂತ ಆಯಿಲಿನ ಹೆಸರೇ ಮುಖ್ಯ. ಹೋಂಡಾ ಸಿವಿಟಿಗೆ (ಗೇರುಗಳ ಬದಲು ಬೆಲ್ಟ್, ಪುಲ್ಲಿ ಇರುವ ಆಟೋಮ್ಯಾಟಿಕ್) ಎಚ್‌ಸಿಎಫ್-2, ನಿಸಾನ್ ಸಿವಿಟಿಗೆ ಎನ್ಎಸ್-3, ಟೊಯೊಟಾದ ಸಾಮಾನ್ಯ ಆಟೋಮ್ಯಾಟಿಕ್‌ಗೆ ಡಬ್ಲ್ಯುಎಸ್, ಹೀಗೆ ಒಂದೊಂದು ಮಾದರಿಗೂ ಒಂದೊಂದು, ನಿಮ್ಮದಕ್ಕೆ ಯಾವುದು ಅಂತ ಪುಸ್ತಕದಲ್ಲಿ ನೋಡಿಯೇ ತಗೊಳ್ಳಿ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಪುಲ್ಲಿಯನ್ನು ಹಿಡಿದು ಓಡಬೇಕು, ಅದಕ್ಕೆ ಮಾಮೂಲಿ ಎಟಿಎಫ್ (ಸಾಮಾನ್ಯ ಆಟೋಮ್ಯಾಟಿಕ್‌ಗೆ ಹಾಕುವ ಆಯಿಲ್) ಸುರಿದರೆ ಜಾರಿ ಬೆಲ್ಟೇ ಹಾಳಾಗುತ್ತದೆ. ಬಹಳಷ್ಟರಲ್ಲಿ ಡಿಪ್‌ಸ್ಟಿಕ್ ಕೂಡ ಇರುವುದಿಲ್ಲ, ಆಯಿಲ್ ಇಂತಿಷ್ಟೇ ಬಿಸಿ ಇದ್ದಾಗ ಸ್ಕ್ಯಾನರ್ ಹಾಕಿ ಮಟ್ಟ ನೋಡಬೇಕು. ಅದನ್ನು ತಿಳಿದವರಿಗೇ ಬಿಡಿ. ಎಎಂಟಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ಹಾಕುವುದು) ಬೇರೆ, ಅದರ ಗೇರ್‌ಬಾಕ್ಸ್ ಮ್ಯಾನ್ಯುಯಲ್‌ನದೇ, ಆದರೆ ಬಹಳಷ್ಟರಲ್ಲಿ ಕ್ಲಚ್ ಒತ್ತುವ ಹೈಡ್ರಾಲಿಕ್ ಭಾಗಕ್ಕೆ ಪ್ರತ್ಯೇಕ ಆಯಿಲ್ ಇರುತ್ತದೆ, ಎರಡನ್ನೂ ಕಲಸಬೇಡಿ.

ಇಳಿಸಿದ ಹಳೇ ಆಯಿಲನ್ನು ನಮ್ಮ ಕಡೆ ಬೇಲಿ ಗೂಟಕ್ಕೆ ಬಳಿಯುತ್ತಾರೆ, ಗೆದ್ದಲು ಬರದಿರಲಿ ಅಂತ. ಕೆಲವರು ಚರಂಡಿಗೆ ಸುರಿಯುತ್ತಾರೆ, ಅದು ಕೊನೆಗೆ ಸೇರುವುದು ನಾಲೆಗೇ, ಅದೇ ನೀರು ಭತ್ತಕ್ಕೂ ಕಬ್ಬಿಗೂ ಹೋಗುತ್ತದೆ. ನಾನು ಅದೇ ಖಾಲಿ ಡಬ್ಬಗಳಿಗೆ ತುಂಬಿ, ಹಳೇ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಶುದ್ಧಿ ಮಾಡುವವರಿಗೆ ಕೊಡುವ ಒಂದು ಗ್ಯಾರೇಜಿಗೆ ಒಯ್ದು ಕೊಟ್ಟೆ. ಅವರು ದುಡ್ಡು ಕೇಳಲಿಲ್ಲ. ನಿಮ್ಮ ಊರಿನಲ್ಲೂ ಅಂಥ ಗ್ಯಾರೇಜ್ ಇರುತ್ತದೆ, ಬೋಲ್ಟ್ ಬಿಚ್ಚುವ ಮೊದಲೇ ಕೇಳಿಟ್ಟುಕೊಳ್ಳಿ.